ಕಲ್ಲಂಗಡಿ ಹೇಳೋ ಮೊದಲು ನಾಲಿಗೆ ಬಣ್ಣ ಕೇಳಬೇಕಿತ್ತು

ಫ್ಲೋರಿಡಾದ ಒಂದು ಪ್ರಾಣಿಗಳ ಕ್ಲಿನಿಕ್‌ನಲ್ಲಿ ನಾನು ಸಹಾಯಕಿ. ನಮ್ಮ ಡಾಕ್ಟರ್ ಮಾಮೂಲಿ ಪಶುವೈದ್ಯದ ಜೊತೆ ಚೀನಾದ ಹಳೇ ಪದ್ಧತಿಯನ್ನೂ ಕಲಿತವರು. ಹುಯಿಶೆಂಗ್ ಶೀ ಎಂಬ ಪಶುವೈದ್ಯರು 1998ರಲ್ಲಿ ಶುರು ಮಾಡಿದ, ಈ ವಿದ್ಯೆ ಕಲಿಸುವ ಚೀ ಸಂಸ್ಥೆ (ಈಗಿನ ಹೆಸರು ಚೀ ಯೂನಿವರ್ಸಿಟಿ) ಇದೇ ರಾಜ್ಯದ ರೆಡ್ಡಿಕ್‌ನಲ್ಲಿದೆ. ಹಾಗಾಗಿ ಇಲ್ಲಿ ನಾಯಿಗೆ ಸೂಜಿ ಚಿಕಿತ್ಸೆ (ಅಕ್ಯುಪಂಕ್ಚರ್) ಅಂದರೆ ಯಾರೂ ನಗುವುದಿಲ್ಲ.

ನನಗೂ ಆ ಪದ್ಧತಿ ಬೇಗ ಹಿಡಿಸಿತು. ಕುರಿ, ಕೋಳಿ ಮಾಂಸ ಉಷ್ಣವಂತೆ. ಬಾತುಕೋಳಿ, ಮೊಲ, ಸೌತೆಕಾಯಿ, ಕಲ್ಲಂಗಡಿ, ಹೆಸರುಕಾಳು ತಂಪು. ನಮ್ಮಜ್ಜಿಯೇ ಚೀನಾಕ್ಕೆ ಹೋಗಿ ಪಾಠ ಮಾಡಿ ಬಂದ ಹಾಗಿತ್ತು! ರಾಮನವಮಿ ಕೋಸಂಬರಿಯಲ್ಲಿರುವುದೂ ಹೆಸರುಬೇಳೆ, ಸೌತೆಕಾಯಿಯೇ ಅಲ್ವಾ? ಫೋನ್ ಮಾಡಿದವರಿಗೆಲ್ಲ ನಾನೇ ಪಥ್ಯ ಹೇಳತೊಡಗಿದೆ. ಚಿಕನ್ ಕಡಿಮೆ ಮಾಡಿ, ಬೀಜ ಸಿಪ್ಪೆ ತೆಗೆದು ಕಲ್ಲಂಗಡಿ ಕೊಡಿ.

ಜುಲೈನ ಒಂದು ಮಧ್ಯಾಹ್ನ ಪಗ್ ಸಾಕಿದವರೊಬ್ಬರು ಫೋನ್ ಮಾಡಿದರು. ವಾಕಿಂಗ್ ಮುಗಿಸಿ ಬಂದ ಮೇಲೆ ಏದುಸಿರು ನಿಲ್ಲುತ್ತಲೇ ಇಲ್ಲ ಎಂದರು. ನಾನು ಕಲ್ಲಂಗಡಿ ಪುರಾಣ ಶುರು ಮಾಡಿದೆ. ಪಕ್ಕದಲ್ಲಿದ್ದ ಡಾಕ್ಟರ್ ಫೋನ್ ಕಿತ್ತುಕೊಂಡರು.

‘ನಾಲಿಗೆ ಯಾವ ಬಣ್ಣ ಇದೆ? ನೆಟ್ಟಗೆ ನಿಲ್ಲುತ್ತಾ?’

ನಾಲಿಗೆ ಕಡುಕೆಂಪು. ಕಾಲು ತಡವರಿಸುತ್ತಿತ್ತು.

‘ಈಗಲೇ ಮೈ ಪೂರ್ತಿ ನೆನೆಯುವಷ್ಟು ನೀರು ಸುರಿಯಿರಿ, ಗಾಳಿ ಹಾಕಿ. ಆಮೇಲೆ ಕಾರಿನ ಎಸಿ ಜೋರಾಗಿಟ್ಟು ಇಲ್ಲಿಗೆ ಬನ್ನಿ.’

ಅಷ್ಟು ಮಾಡಿ ಬಂದರೂ ಮೈಬಿಸಿ 105 ಡಿಗ್ರಿ ಫ್ಯಾರನ್‌ಹೀಟ್ ಮೇಲಿತ್ತು. ನಾಯಿಗೆ 101ರಿಂದ 102.5 ಸಹಜ. ಪಗ್‌ಗೆ ಮೂತಿ ಗಿಡ್ಡ, ಏದುಸಿರಿನಿಂದ ಬಿಸಿ ಹೊರಹಾಕುವುದೇ ಕಷ್ಟ. ಮತ್ತೆ ನೀರು, ಫ್ಯಾನ್, ಡ್ರಿಪ್. 103.5ಕ್ಕೆ ಇಳಿದಾಗ ನೀರು ನಿಲ್ಲಿಸಿದೆವು, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ಅಂದು ಡಾಕ್ಟರ್ ಒಂದು ಅಕ್ಯುಪಂಕ್ಚರ್ ಸೂಜಿಯನ್ನೂ ಮುಟ್ಟಲಿಲ್ಲ. ನಾಯಿ ಉಳಿಯಿತು.

ಅವರು ನನ್ನನ್ನು ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ನಾಲಿಗೆ ನೋಡುವುದು, ಹಿಂಗಾಲಿನ ತೊಡೆಯ ಒಳಬದಿಯಲ್ಲಿ ನಾಡಿ ಹಿಡಿಯುವುದು ಚೀನೀ ಪದ್ಧತಿಯಲ್ಲೂ ಮೊದಲು ಮಾಡುವ ಕೆಲಸ. ನಾನು ಅದನ್ನು ಬಿಟ್ಟು ತಿಂಡಿ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿದ್ದೆ.

ಈಗ ಫೋನ್ ಪಕ್ಕ ಚೀಟಿ ಅಂಟಿಸಿದ್ದೇನೆ: ನಾಲಿಗೆ? ನಡಿಗೆ? ವಾಂತಿ? ಪಥ್ಯದ ಮಾತು ಆರೋಗ್ಯವಾಗಿರುವ ನಾಯಿಗೆ ಮಾತ್ರ, ಅದೂ ಡಾಕ್ಟರನ್ನು ಕೇಳಿಯೇ.

ಆ ಪಗ್‌ನ ವಾಕಿಂಗ್ ಈಗ ಬೆಳಿಗ್ಗೆ ಆರಕ್ಕೇ ಮುಗಿಯುತ್ತದೆ. ಕಲ್ಲಂಗಡಿ ಕಂಡರೆ ಮೂತಿ ತಿರುಗಿಸುತ್ತದಂತೆ.