ಹೊಸಾದು ತಗೊಳ್ಳವಲ್ದು

"ಏಳೂವರಿಗಿ ನಿಂತುಬಿಡ್ತದ್ರಿ ಸರ್. ಹಳೇ ಹೆಸ್ರು ತೋರಿಸ್ತದ, ಹೊಸಾದು ತಗೊಳ್ಳವಲ್ದು."

ಕಲಬುರಗಿಯ ಆ ಆಸ್ಪತ್ರೆಯ ಚೀಟಿ ಕೌಂಟರಿನ ಅಕ್ಕ ಮೂರು ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿ ಇದೇ ಮಾತು ಹೇಳಿದ್ದರು. ಆ ಚೀಟಿಯ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು. ನಾಲ್ಕು ಸಲವೂ ನಾನು ಅಂದದ್ದು ಒಂದೇ: "ನಮ್ಮ ಕಡೆ ಎಲ್ಲಾ ಸರಿ ಅದ ಅಕ್ಕಾ, ನಿಮ್ಮ ನೆಟ್ ನೋಡಸ್ರಿ."

ಹತ್ತು ಗಂಟೆಗೆ ಆಫೀಸಿಗೆ ಬಂದು ಕಿಬಾನಾ ತೆರೆಯುತ್ತಿದ್ದೆ. ಸರ್ವರ್ ಬರೆದಿಡುವ ಲಾಗ್, ಅಂದರೆ ಏನೇನು ನಡೀತು ಅನ್ನೋ ದಾಖಲೆ, ತೋರಿಸುವ ಪುಟ ಅದು. ನಾವು ಬದಲಿಸದಿದ್ದರೆ ಅದು ತೋರಿಸುವುದು ಕೊನೆಯ 15 ನಿಮಿಷದ ಲಾಗ್ ಮಾತ್ರ. ಅದರಲ್ಲಿ ಸಾಲುಸಾಲು 200, ಅಂದರೆ ಎಲ್ಲಾ ಸರಿ. ಮೇಲಿನ ಮೂಲೆಯಲ್ಲಿ ಸಮಯ ಬದಲಿಸಿದ್ದರೆ ಸಾಕಿತ್ತು, ಎರಡು ಕ್ಲಿಕ್ ಕೆಲಸ. "ಕೌಂಟರಿನವರಿಗೆ ಏನು ಗೊತ್ತಾಗ್ತದ" ಅಂತ ನಮ್ಮ ಟೀಮಿನವರೊಬ್ಬರು ಅಂದಾಗಲೂ ನಾನು ಸುಮ್ನಿದ್ದೆ. ಅವರು ಜಾಣರು, ಆದರೆ ಆ ಮಾತು ತಪ್ಪು.

ಈ ಮಂಗಳವಾರ ಬೇರೆ ಕೆಲಸಕ್ಕೆ ಅಂತ ಬೆಳಗ್ಗೆಯೇ ಅಲ್ಲಿಗೆ ಹೋದೆ. ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಬಾಗಿಲ ತನಕ ನಿಂತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದ. ಅಕ್ಕ ಅವನ ಹೆಸರು ಹೊಡೆದು ಸೇವ್ ಒತ್ತಿದರು. ಚಕ್ರ ತಿರುಗುತ್ತಲೇ ಇತ್ತು. ಒಂದು ನಿಮಿಷಕ್ಕೆ 504 ಬಂತು, ಅಂದರೆ ಸರ್ವರ್ ಹೊತ್ತಿಗೆ ಉತ್ತರ ಕೊಡಲಿಲ್ಲ. ಮತ್ತೆ ಒತ್ತಿದರು. ಮತ್ತೆ 504. ಅವರು ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕೊನೆಯ 7 ದಿನ, ಸ್ಟೇಟಸ್ 504 ಅಂತ ಹುಡುಕಿದೆ. ಗ್ರಾಫಿನಲ್ಲಿ ಆರು ಕಂಬ ಎದ್ದವು. ಎಲ್ಲವೂ ಏಳೂವರೆ ಹೊತ್ತಿನವು. ಹೊರರೋಗಿಗಳ ವಿಭಾಗ ಮುಚ್ಚಿರುವ ಭಾನುವಾರ ಮಾತ್ರ ಖಾಲಿ.

ಆ ಹೊತ್ತಿನ ಉಳಿದ ಲಾಗ್ ನೋಡಿದರೆ, ಇಟ್ಟ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನ ಒಂದು ಸಾಲು. ಕಿಬಾನಾ ಪಕ್ಕದಲ್ಲಿ ತೋರಿಸಿದ ಸಮಯ 7:30. ಸಾಲಿನೊಳಗೆ ಸರ್ವರ್ ಬರೆದುಕೊಂಡದ್ದು 02:00:01. ಸರ್ವರ್ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿ, ಓಡುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಎರಡಕ್ಕೆ ಯಾರೂ ಇರಲ್ಲ ಅಂತ ಇಟ್ಟ ಬ್ಯಾಕಪ್ ಮಂದಿ ತುಂಬಿದ ಹೊತ್ತಿಗೆ ಓಡುತ್ತಿತ್ತು. ಅದನ್ನು ಇಟ್ಟವನು ನಾನೇ. ಆ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಹಾಗೇ ಓಡಿಸಿದರೆ ಡೇಟಾ ಇರುವ ಟೇಬಲ್‌ಗಳಿಗೆ ಬೀಗ ಹಾಕುತ್ತದೆ. ಓದೋಕೆ ಬಿಡುತ್ತದೆ, ಬರೆಯೋಕೆ ಬಿಡಲ್ಲ.

ಹಳೇ ಹೆಸ್ರು ತೋರಿಸ್ತದ, ಹೊಸಾದು ತಗೊಳ್ಳವಲ್ದು.

ಯಾವ ಹೊತ್ತಿಗೆ, ಯಾಕೆ, ಎರಡೂ ಆ ಅಕ್ಕನ ಮಾತಿನಲ್ಲೇ ಇತ್ತಲ್ವಾ? ಮೂರು ವಾರ ಅವರು ಹೇಳಿದ್ದು ನನಗೆ ಬರೀ ದೂರಿನ ಹಾಗೆ ಕೇಳಿತ್ತು. ರಾತ್ರಿ ಊಟಕ್ಕೆ ಕೂತಾಗ ಅವ್ವ, "ಮೆಟ್ಟಿಲ ಇಳಿಯುವಾಗ ಅಷ್ಟ ಮಣಕಾಲ ನೋಯ್ತದ, ಹತ್ತುವಾಗ ಇಲ್ಲ" ಅಂದಳು. ಇದನ್ನು ಎಷ್ಟು ದಿನದಿಂದ ಹೇಳುತ್ತಿದ್ದಾಳೋ. "ಯಾವ ಕಾಲು?" ಅಂತ ಕೇಳಿದ್ದು ಅವತ್ತೇ ಮೊದಲು.

ಬ್ಯಾಕಪ್ಪನ್ನು 20:30 ಯುಟಿಸಿಗೆ ಸರಿಸಿದೆ, ಅಂದರೆ ನಮ್ಮ ರಾತ್ರಿ ಎರಡು. ಬೀಗ ಬೀಳದ ಹಾಗೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆಯನ್ನೂ ಸೇರಿಸಿದೆ. ಬುಧವಾರ ಏಳು ನಲವತ್ತಕ್ಕೆ ನಾನೇ ಫೋನ್ ಮಾಡಿದೆ. "ಅಕ್ಕಾ, ತಪ್ಪು ನಂದೇ ಇತ್ತು. ನೀವು ಹೇಳಿದ್ದು ಖರೇ ಇತ್ತು."

"ಆಯ್ತು ಬಿಡ್ರಿ ಸರ್, ಈಗ ತಗೊಳ್ಳಕತ್ತದ. ಮಂದಿ ನಿಂತಾರ, ಇಡ್ತೀನ್ರಿ."