ಕ್ಷೌರದ ಕತ್ತಿಗೆ ಕಲ್ಲು: ಮಸೆಯುವುದಕ್ಕಿಂತ ಮೊದಲು ಮಟ್ಟ

ಮಡಚುವ ಹಳೇ ಕ್ಷೌರದ ಕತ್ತಿಯನ್ನು ಮನೆಯಲ್ಲೇ ಮಸೆದು, ಅದರಲ್ಲೇ ಗಡ್ಡ ಹೆರೆದುಕೊಳ್ಳುವ ಹುಚ್ಚು ಈಗ ಕಲ್ಲು ಕೊಳ್ಳುವ ಹಂತಕ್ಕೆ ಬಂದಿದೆ. ಕೈಯಲ್ಲಿ ಎರಡು ಕತ್ತಿಗಳಿವೆ. ಒಂದು ಜರ್ಮನಿಯ ಸೋಲಿಂಗೆನ್‌ನದು: 5/8 ಇಂಚು ಅಗಲ, ಎರಡೂ ಮಗ್ಗುಲು ತೋಡಿ ತೆಳುವಾಗಿಸಿದ ಅಲಗು. ಇನ್ನೊಂದು ಇಂಗ್ಲೆಂಡಿನ ಶೆಫೀಲ್ಡ್‌ನದು, ಬೆನ್ನಿನಿಂದ ಬಾಯಿವರೆಗೆ ನೇರ ಇಳಿಯುವ ಬೆಣೆಯಾಕಾರದ ದಪ್ಪ ಅಲಗು. ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ತುಕ್ಕು ಹಿಡಿದ ಇಕ್ಕಳ, ಬೀಗಗಳ ನಡುವೆ ಸಿಕ್ಕಿದ್ದು.

ಈ ಹವ್ಯಾಸದವರ ಮಾತುಕತೆ ಮುಕ್ಕಾಲು ಪಾಲು ಕೊನೆಯ ಕಲ್ಲಿನ ಸುತ್ತಲೇ ತಿರುಗುತ್ತದೆ. ಬೆಲ್ಜಿಯಂನ ಹಳದಿ ಕಲ್ಲೋ, ಕ್ಯೋಟೋ ಬೆಟ್ಟದ ಕಲ್ಲೋ, 12000 ನಂಬರಿನ ಕೃತಕ ಕಲ್ಲೋ (ನಂಬರು ದೊಡ್ಡದಾದಷ್ಟೂ ಕಣ ನಯ) ಅಂತ. ನಾನು ಅದನ್ನು ತಲೆಕೆಳಗು ಮಾಡಿ, ಮೊದಲ ದುಡ್ಡನ್ನು ಕಲ್ಲುಗಳನ್ನು ಮಟ್ಟ ಮಾಡುವ ಹಲಗೆಗೆ ಹಾಕಿದ್ದೇನೆ. ಯಾಕೆಂದು ಹೇಳಬೇಕಾದರೆ ಕತ್ತಿಯ ಲೆಕ್ಕದಿಂದ ಶುರು ಮಾಡಬೇಕು.

ಕ್ಷೌರದ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುತ್ತವೆ. ಕೋನವನ್ನು ನಿಮ್ಮ ಮಣಿಕಟ್ಟಿಗೆ ಬಿಟ್ಟಿಲ್ಲ, ಬೆನ್ನಿನ ದಪ್ಪದಲ್ಲೇ ಇಟ್ಟುಕೊಟ್ಟಿದ್ದಾರೆ. ಸೋಲಿಂಗೆನ್ ಕತ್ತಿಗೆ ವರ್ನಿಯರ್ ಹಿಡಿದೆ: ಬೆನ್ನು 4.6 ಮಿ.ಮೀ. ದಪ್ಪ, ಬೆನ್ನು ಕಲ್ಲಿಗೆ ತಾಗುವ ಗೆರೆಯಿಂದ ಬಾಯಿಗೆ 16 ಮಿ.ಮೀ. ಒಟ್ಟು ಕೋನ ಸುಮಾರು ಹದಿನಾರೂವರೆ ಡಿಗ್ರಿ. ಅಡುಗೆಮನೆಯ ಚಾಕು ಮಸೆಯುವಾಗ ಕೈ ಒಂದೆರಡು ಡಿಗ್ರಿ ಅತ್ತಿತ್ತ ಆಗಿಯೇ ಆಗುತ್ತದೆ. ಕಲ್ಲಿನ ನಡು ಸ್ವಲ್ಪ ತಗ್ಗಾಗಿದ್ದರೂ ಆ ಓಲಾಟದಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಕೈಯ ಓಲಾಟವನ್ನು ಬೆನ್ನು ತೆಗೆದುಹಾಕಿರುವುದರಿಂದ ಕಲ್ಲಿನ ಡೊಂಕು ನೇರವಾಗಿ ಬಾಯಿಗೇ ಇಳಿಯುತ್ತದೆ. ತಲೆಗೂದಲು ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ದಪ್ಪ ಅಂತಿಟ್ಟುಕೊಳ್ಳಿ. ಜಪಾನಿನ ಕೈಗಾರಿಕಾ ಮಾನದಂಡವಾದ ಜಿಸ್ ಅಳತೆಯ 8000 ನಂಬರ್ ಕಲ್ಲಿನ ಕಣ ಸರಾಸರಿ 1.2 ಮೈಕ್ರಾನ್. ಕಲ್ಲಿನ ನಡು ಕೂದಲೆಳೆಯಷ್ಟೇ ತಗ್ಗಾಗಿದೆ ಎಂದರೂ ಅದು ಕಣದ ಐವತ್ತು ಅರವತ್ತು ಪಟ್ಟು. ಅಷ್ಟು ನಯವಾದ ಕಣಕ್ಕೆ ಕೊಟ್ಟ ದುಡ್ಡು ಬಾಯಿಯ ಅರ್ಧ ಉದ್ದಕ್ಕೆ ತಲುಪುವುದೇ ಇಲ್ಲ.

ಮಟ್ಟದ ಹಲಗೆ

ಮೊದಲು ನೋಡಿದ್ದು ಗ್ರಾನೈಟ್. ಬೆಂಗಳೂರಿನಲ್ಲಿದ್ದು ಗ್ರಾನೈಟಿಗೆ ಬರವೇ? ಜಿಗಣಿ ಕಡೆಯ ಒಂದು ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ಚೂರುಗಳ ರಾಶಿ ಇತ್ತು. ಅಲ್ಲಿದ್ದವರು "ಇಷ್ಟು ಚಿಕ್ಕ ಪೀಸ್ ತಗೊಂಡು ಏನ್ ಮಾಡ್ತೀರಾ ಸಾರ್, ಚಪಾತಿ ಲಟ್ಟಿಸಕ್ಕೂ ಸಾಲಲ್ಲ" ಅಂದರು. ಕಲ್ಲು ಉಜ್ಜಿ ಮಟ್ಟ ಮಾಡಬೇಕು, ಇದು ಪೂರ್ತಿ ಸಮ ಇದೆಯಾ ಅಂತ ಕೇಳಿದೆ. "ಕಣ್ಣಿಗೆ ಸಮ ಸಾರ್. ಗೇಜ್ ಇಟ್ಟು ನೋಡೋ ಮಾಲು ಬೇರೆ" ಎಂಬ ಉತ್ತರ ಬಂತು. ಮಾತು ನಿಜವೇ. ಮನೆಗೆ ತಂದು ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ) ಇಟ್ಟರೆ ಅಂಚಿನ ಹತ್ತಿರ, ಸಂದು ಅಳೆಯುವ 0.05 ಮಿ.ಮೀ. ದಪ್ಪದ ಫೀಲರ್ ಎಲೆ ಸಲೀಸಾಗಿ ನುಗ್ಗುತ್ತದೆ. ಟೂಲ್ ರೂಮಿನಲ್ಲಿ ಮಟ್ಟ ನೋಡಲು ಬಳಸುವ ಸರ್ಫೇಸ್ ಪ್ಲೇಟೂ ಗ್ರಾನೈಟೇ, ಆದರೆ ಅದನ್ನು ಅಳತೆಗೆ ತಕ್ಕಂತೆ ಉಜ್ಜಿ ಮಟ್ಟ (ಲ್ಯಾಪ್) ಮಾಡಿರುತ್ತಾರೆ. ಅಡುಗೆಮನೆ ಕಟ್ಟೆಯ ಪಾಲಿಶ್ ಅದಲ್ಲ.

ಎರಡನೆಯದು ಗಾಜು. ಈಗ ಸಿಗುವ ಕಿಟಕಿ ಗಾಜು ಬಹುತೇಕ ಫ್ಲೋಟ್ ಗಾಜು. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಹರಡುವ ವಿಧಾನ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಇದನ್ನು ಜಗತ್ತಿಗೆ ಪ್ರಕಟಿಸಿದ್ದು 1959ರಲ್ಲಿ. ದ್ರವದ ಮೇಲೆ ತಾನಾಗಿ ಹರಡಿದ್ದರಿಂದ ಮಟ್ಟ ಚೆನ್ನಾಗಿರುತ್ತದೆ. 12 ಮಿ.ಮೀ. ದಪ್ಪದ ತುಂಡೊಂದನ್ನು ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ ತಂದೆ. ಅದೇ ಫೀಲರ್ ಎಲೆ ಎಲ್ಲೂ ನುಗ್ಗಲಿಲ್ಲ. ಇದರ ಮೇಲೆ 220 ನಂಬರ್ ವಾಟರ್ ಪೇಪರ್ ನೀರಿನಲ್ಲಿ ಅಂಟಿಸಿ ಕಲ್ಲು ಉಜ್ಜಿದರೆ ಕೆಲಸ ಆಗುತ್ತದೆ, ಖರ್ಚೂ ಕಮ್ಮಿ. ತೊಂದರೆ ಪೇಪರಿನದು. ಸುಕ್ಕೇಳುತ್ತದೆ, ಬೇಗ ಸವೆಯುತ್ತದೆ, ಉದುರಿದ ಒರಟು ಕಣ ಮೆತ್ತನೆಯ ಕಲ್ಲಿನಲ್ಲಿ ಹುದುಗಿ ಕೂರುತ್ತದೆ. ಮುಂದೆ ಅದೇ ಕಲ್ಲಿನ ಮೇಲೆ ಕತ್ತಿ ಎಳೆದಾಗ ಬಾಯಿಗೆ ಗೀರು.

ಎಸ್‌ಜೆಪಿ ರಸ್ತೆಯ ಅಂಗಡಿಯೊಂದರಲ್ಲಿ ಎಂಜಿನ್‌ಗೆ ಬಳಸುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸಾಕು ಅಂದರು. ಗಾಜಿನ ಮೇಲೆ ಅದು ಚೆನ್ನಾಗಿಯೇ ಕೊರೆಯುತ್ತದೆ, ಅನುಮಾನವಿಲ್ಲ. ಆದರೆ ಅದರಲ್ಲಿ ಗ್ರೀಸ್ ಇದೆ. ನೀರು ಕುಡಿಯುವ ಕಲ್ಲಿನ ರಂಧ್ರಕ್ಕೆ ಗ್ರೀಸ್ ಹೊಕ್ಕರೆ ಆ ಕಲ್ಲಿನ ಕಥೆ ಮುಗಿಯಿತು.

ಹಲಗೆಯೇ ಬೇಡದ ಹಾದಿಯೂ ಒಂದಿದೆ: ಮೂರು ಕಲ್ಲುಗಳನ್ನು ಸರದಿಯಂತೆ ಒಂದಕ್ಕೊಂದು ಉಜ್ಜುವುದು. ಎರಡೇ ಕಲ್ಲಾದರೆ ಒಂದು ಉಬ್ಬಿ ಇನ್ನೊಂದು ತಗ್ಗಾಗಿ ಎರಡೂ ಚೆನ್ನಾಗಿ ಹೊಂದಿಕೊಂಡು ಕೂತುಬಿಡಬಹುದು. ಮೂರನೆಯದು ಸೇರಿದರೆ ಆ ಮೋಸ ನಡೆಯುವುದಿಲ್ಲ. ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಮಟ್ಟವಾಗಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಜೋಸೆಫ್ ವಿಟ್ವರ್ತ್ ಸರ್ಫೇಸ್ ಪ್ಲೇಟ್ ತಯಾರಿಸಲು ಎತ್ತಿಹಿಡಿದ ತರ್ಕ ಇದೇ. ಸೊಗಸಾಗಿದೆ, ಒಪ್ಪುತ್ತೇನೆ. ಆದರೆ 1000ದ ಒರಟು ಕಣ 8000ದ ಮೈಮೇಲೆ ಉಳಿಯುವುದು ನನಗೆ ಬೇಡ.

ಕೊನೆಗೆ ತೆಗೆದುಕೊಂಡದ್ದು ವಜ್ರದ ಹಲಗೆ: ಡಿಎಂಟಿ ಕಂಪನಿಯ 325 ಮೆಶ್ (ಕಣದ ನಂಬರು), 8 ಇಂಚು ಉದ್ದ, 3 ಇಂಚು ಅಗಲ. ಲೋಹದ ಹಲಗೆಗೆ ನಿಕ್ಕಲ್‌ನಲ್ಲಿ ಕೂರಿಸಿದ 45 ಮೈಕ್ರಾನ್ ವಜ್ರದ ಕಣಗಳು. ಹೊಸದರಲ್ಲಿ ಸಡಿಲ ಕಣ ಉದುರುವುದರಿಂದ ಮೊದಲು ಒಂದು ಹಳೆಯ ಉಳಿಯ ಬೆನ್ನನ್ನು ಅದರ ಮೇಲೆ ತಿಕ್ಕಿ ಪಳಗಿಸಿಕೊಂಡೆ. ನಯವಾದ ಕಲ್ಲಿನ ಮೇಲೆ ಇದು ನೀರಿಗೆ ಕಚ್ಚಿಕೊಂಡು ಅಲ್ಲಾಡದೆ ನಿಲ್ಲುವುದುಂಟು. ಬಕೆಟ್ಟಿನ ನೀರೊಳಗೇ ಹಿಡಿದು ಉಜ್ಜಿದರೆ ಆ ಕಾಟವಿಲ್ಲ.

ಪೆನ್ಸಿಲ್ ಗೆರೆಗಳು

ಮಟ್ಟ ಪರೀಕ್ಷೆಗೆ ಪೆನ್ಸಿಲ್ ಸಾಕು. ಹೊಸ 1000 ಕಲ್ಲಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಬೆರಳಗಲದ ಚೌಕಳಿ ಎಳೆದು, ನೀರು ಚಿಮುಕಿಸಿ, ವಜ್ರದ ಹಲಗೆಯನ್ನು ಒತ್ತಡ ಹಾಕದೆ ಎಂಟರ ಆಕಾರದಲ್ಲಿ ಆಡಿಸಿದೆ. ನಡುವಿನ ಗೆರೆಗಳು ಬೇಗ ಹೋದವು. ಎಡ ಮೇಲ್ಮೂಲೆ, ಬಲ ಕೆಳಮೂಲೆಗಳಲ್ಲಿ ಗೆರೆ ಹಾಗೇ ನಿಂತಿತು. ಎದುರುಬದುರು ಮೂಲೆಗಳಲ್ಲಿ ಉಳಿಯಿತು ಎಂದರೆ ಕಲ್ಲು ತಿರುಚಿಕೊಂಡಿದೆ ಎಂದರ್ಥ, ಅದೂ ಡಬ್ಬಿಯಿಂದ ಈಗಷ್ಟೇ ತೆಗೆದ ಕಲ್ಲು. ಕಿತ್ತಳೆ ಬಣ್ಣದ ರಾಡಿಯನ್ನು ತೊಳೆಯುತ್ತಾ, ಹಲಗೆಯನ್ನು ಆಗಾಗ ತಿರುಗಿಸುತ್ತಾ ಹೋದಂತೆ ಆ ಮೂಲೆಗಳು ಚಿಕ್ಕದಾಗುತ್ತಾ ಬಂದು ಅಳಿದವು. ಅಲ್ಲಿಗೇ ನಿಲ್ಲಿಸಬಾರದು. ಒರೆಸಿ ಮತ್ತೊಮ್ಮೆ ಚೌಕಳಿ ಎಳೆದು, ಕೆಲವೇ ಸುತ್ತಿನಲ್ಲಿ ಎಲ್ಲ ಕಡೆ ಒಂದೇ ಹದದಲ್ಲಿ ಮಾಸುತ್ತದೆಯೇ ನೋಡಬೇಕು. ಆಮೇಲೆ ಕಲ್ಲಿನ ನಾಲ್ಕೂ ಅಂಚನ್ನು ಓರೆಯಾಗಿ ಸ್ವಲ್ಪ ತೆಗೆಯಬೇಕು. ಚೂಪಾದ ಅಂಚು ಚಕ್ಕೆ ಏಳುತ್ತದೆ, ಆ ಚಕ್ಕೆ ಕತ್ತಿಯ ಬಾಯಿ ಮುಕ್ಕು ಮಾಡುತ್ತದೆ.

ಒಂದು ಸಾವಿರ

1000ಕ್ಕೆ ಕಿಂಗ್ ಬ್ರಾಂಡಿನ ಕಲ್ಲು ಅಗ್ಗ, ಒಳ್ಳೆಯದೂ ಹೌದು, ಆದರೆ ಮೆತ್ತಗೆ. ಬೇಗ ತಗ್ಗು ಬೀಳುತ್ತದೆ. ನಾನು ಶಾಪ್ಟನ್ ಕಂಪನಿಯ ಕುರೊಮಾಕು ಎಂಬ ಕಲ್ಲು ತೆಗೆದುಕೊಂಡೆ. 210 ಮಿ.ಮೀ. ಉದ್ದ, 70 ಅಗಲ, 15 ದಪ್ಪ. ನೆನೆಹಾಕುವ ಗೋಜಿಲ್ಲ, ನೀರು ಚಿಮುಕಿಸಿದರೆ ಸಾಕು. ಗಟ್ಟಿ ಕಲ್ಲಾದ್ದರಿಂದ ಮಟ್ಟ ಬಹಳ ಹೊತ್ತು ನಿಲ್ಲುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಎರಡು ಇಳಿಜಾರುಗಳು ಬಾಯಿಯ ಉದ್ದಕ್ಕೂ ಸೇರುವುದು ಈ ಕಲ್ಲಿನ ಮೇಲೆ. ಇಲ್ಲಿ ಸೇರದಿದ್ದರೆ ಮುಂದಿನ ಕಲ್ಲುಗಳು ಬರೀ ಹೊಳಪು ಕೊಡುತ್ತವೆ. ಸೋಲಿಂಗೆನ್ ಕತ್ತಿಯ ಬಾಯಿಗೆ ಮಾರ್ಕರ್ ಶಾಯಿ ಬಳಿದು ಕೆಲವು ಎಳೆತ ಎಳೆದು ಲೂಪ್‌ನಲ್ಲಿ (ಚಿಕ್ಕ ಭೂತಗಾಜು) ನೋಡಿದೆ. ಒಂದು ಮಗ್ಗುಲಲ್ಲಿ ಶಾಯಿ ಪೂರ್ತಿ ಹೋಗಿತ್ತು. ಇನ್ನೊಂದು ಮಗ್ಗುಲಲ್ಲಿ ಹಿಡಿಯ ಕಡೆ ಒಂದು ಇಂಚಿನಷ್ಟು ಉದ್ದ, ಬಾಯಿಯ ತುದಿಗೆ ಅಂಟಿಕೊಂಡು ಕರಿ ಗೆರೆ ಉಳಿದಿತ್ತು. ಕಲ್ಲಿನ ಮಟ್ಟ ಆಗಲೇ ಖಾತ್ರಿಯಾಗಿದ್ದರಿಂದ ದೋಷ ಅಲಗಿನದೇ: ಹದ ಹಾಕುವಾಗ ಅಲಗು ಒಂದು ಕಡೆಗೆ ತುಸು ಬಾಗಿದೆ. ಹಲಗೆಗೆ ಕೊಟ್ಟ ದುಡ್ಡು ವಸೂಲಾದದ್ದು ಆ ಕ್ಷಣದಲ್ಲಿ. ಕಲ್ಲಿನ ಮೇಲೇ ನಂಬಿಕೆ ಇಲ್ಲದಿದ್ದರೆ ಕತ್ತಿಯನ್ನು ಬೈಯಬೇಕೋ ಕಲ್ಲನ್ನೋ ಗೊತ್ತಾಗುತ್ತಿರಲಿಲ್ಲ.

ಬಾಗಿದ ಅಲಗಿಗೆ ಮದ್ದು ಎಳೆತದಲ್ಲಿದೆ. ನೇರ ಎಳೆಯದೆ, ಹಿಡಿಯ ಕಡೆಯಿಂದ ಶುರುಮಾಡಿ ತುದಿಯ ಕಡೆಗೆ ಓರೆಯಾಗಿ ಜಾರಿಸುತ್ತಾ, ಭಾರವನ್ನೂ ಮೆಲ್ಲಗೆ ಹಿಡಿಯಿಂದ ತುದಿಗೆ ಸಾಗಿಸಬೇಕು. ಬಾಯಿಯ ಒಂದೊಂದು ತುಣುಕೂ ಕಲ್ಲಿಗೆ ತಾಗಿ ಮುಂದೆ ಹೋಗುತ್ತದೆ. ಹಾಗೆ ಮಾಡಿದ ಮೇಲೆ ಕರಿ ಗೆರೆ ಅಳಿಯಿತು. ಕತ್ತಿಯನ್ನು ಚರ್ಮಕ್ಕೆ ತೀರಾ ಹತ್ತಿರ ಹಿಡಿದು ಮುಂದೋಳಿನ ಕೂದಲಿಗೆ ತಾಗಿಸಿದರೆ ಬಾಯಿಯ ಹಿಡಿ, ನಡು, ತುದಿ ಮೂರೂ ಕಡೆ ಒಂದೇ ಥರ ಕತ್ತರಿಸಬೇಕು. ಈಗ ಕತ್ತರಿಸುತ್ತಿದೆ. ಇನ್ನೊಂದು ಗುರುತು ನೀರಿನದು: ಎಳೆಯುವಾಗ ಕಲ್ಲಿನ ಮೇಲಿನ ನೀರು ಬಾಯಿಯ ಮುಂದೆ ಗುಡ್ಡೆಯಾಗಿ ಓಡದೆ ಅಲಗಿನ ಮೇಲೆ ಹತ್ತತೊಡಗುತ್ತದೆ.

ನಡುವಿನ ಕಲ್ಲು

ಇದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಕುರೊಮಾಕು 5000, ಆಮೇಲೆ ನನಿವಾ ಕಂಪನಿಯ 8000. ಹಿಂದಿನ ಕಲ್ಲಿನ ಗೀರು ಹೋಗುವ ತನಕ ಎಳೆಯುವುದು, ಅಷ್ಟೇ. ನಂಬರು ನೋಡಿ ಕೊಳ್ಳುವವರಿಗೆ ಒಂದೇ ಮಾತು: ಬೇರೆ ಬೇರೆ ಕಂಪನಿಗಳ ನಂಬರು ಒಂದೇ ಅಳತೆಗೋಲಿನದಲ್ಲ. ಜಿಸ್ ಪಟ್ಟಿಯಲ್ಲಿ 8000 ಎಂದರೆ 1.2 ಮೈಕ್ರಾನ್, ಶಾಪ್ಟನ್ ತನ್ನ ಗ್ಲಾಸ್‌ಸ್ಟೋನ್ ಸಾಲಿನ 8000ಕ್ಕೆ ಹೇಳುವುದು 1.84 ಮೈಕ್ರಾನ್. ಮೈಕ್ರಾನ್ ಕೇಳಿ ಕೊಳ್ಳಿ.

ಕೊನೆಯ ಕಲ್ಲು

ಕ್ಯೋಟೋದ ನೈಸರ್ಗಿಕ ಕಲ್ಲನ್ನು ಪಟ್ಟಿಯಿಂದ ತೆಗೆದೆ. ಒಂದೊಂದು ಕಲ್ಲೂ ಒಂದೊಂದು ಥರ, ಮುಟ್ಟಿ ನೋಡದೆ ಅಷ್ಟು ದುಡ್ಡು ಕೊಡಲು ಮನಸ್ಸಿಲ್ಲ. ಅಮೆರಿಕದ ಅರ್ಕಾನ್ಸಾಸ್ ಕಲ್ಲು ಅಪ್ಪಟ ಗಟ್ಟಿ ಸ್ಫಟಿಕಶಿಲೆ. ತಗ್ಗು ಬೀಳುವ ಭಯವೇ ಇಲ್ಲ, ಆದರೆ ಕೊರೆತ ನಿಧಾನ. ಒಮ್ಮೆ ಮಟ್ಟ ಮಾಡಲು ಹೊರಟರೆ ನನ್ನ ವಜ್ರದ ಹಲಗೆಯೇ ಸವೆದೀತು.

ಉಳಿದದ್ದು ಬೆಲ್ಜಿಯಂನ ಕೋಟಿಕ್ಯೂಲ್. ಆರ್ಡೆನ್ ಬೆಟ್ಟಸಾಲಿನ ವೀಲ್ಸಾಲ್ಮ್ ಸುತ್ತಮುತ್ತ, ನೇರಳೆ-ನೀಲಿ ಬಂಡೆಯ ನಡುವೆ ತೆಳುವಾದ ಹಳದಿ ಪದರವಾಗಿ ಸಿಗುತ್ತದೆ. ಕೊರೆಯುವ ಕೆಲಸ ಅದರೊಳಗಿನ ಗಾರ್ನೆಟ್ ಹರಳಿನದು. ಹರಳು 5ರಿಂದ 15 ಮೈಕ್ರಾನ್, ಲೆಕ್ಕದಲ್ಲಿ ನನ್ನ 8000ಕ್ಕಿಂತ ಎಷ್ಟೋ ದಪ್ಪ. ಆದರೆ ಹನ್ನೆರಡು ಮುಖದ, ಮೊಂಡು ಮೂಲೆಯ ಹರಳಾದ್ದರಿಂದ ಆಳಕ್ಕೆ ಗೀರದೆ ಮೇಲಷ್ಟೇ ಸವರಿಕೊಂಡು ಹೋಗುತ್ತದೆ. ಅಳತೆಯ ಚೌಕ ಕಲ್ಲಿಗೆ ಬೆಲೆ ಜೋರು. ಕತ್ತರಿಸಿ ಉಳಿದ ವಕ್ರ ಆಕಾರದ ತುಂಡುಗಳನ್ನು ಬೂ (ಫ್ರೆಂಚಿನ bout, ಅಂದರೆ ತುಂಡು) ಎಂದು ಕರೆದು ಕಮ್ಮಿಗೆ ಮಾರುತ್ತಾರೆ. ನನ್ನದು ಅಂಥದ್ದೇ, ಅಂಗೈಯಗಲ. ಕ್ಷೌರದ ಕತ್ತಿಗೆ ಧಾರಾಳ ಸಾಕು.

ಇದನ್ನು ಬಳಸುವ ಬಗೆ ಬೇರೆ. ಜೊತೆಗೆ ಬರುವ ಅದೇ ಜಾತಿಯ ಚಿಕ್ಕ ಕಲ್ಲಿನಿಂದ ತಿಕ್ಕಿ ಹಾಲಿನಂಥ ರಾಡಿ ಎಬ್ಬಿಸಬೇಕು. ಸಡಿಲ ಹರಳು ಬೇಗ ಕೊರೆಯುತ್ತದೆ, ಆದರೆ ಬಾಯಿ ಆ ಹರಳಿಗೇ ಹೋಗಿ ಡಿಕ್ಕಿ ಹೊಡೆಯುವುದರಿಂದ ತೀರಾ ಹರಿತ ಆಗಗೊಡುವುದಿಲ್ಲ. ಹಾಗಾಗಿ ಬೆರಳಲ್ಲಿ ಒಂದೊಂದೇ ಹನಿ ನೀರು ಸೇರಿಸುತ್ತಾ ರಾಡಿ ತೆಳುಮಾಡುತ್ತಾ ಹೋಗಿ, ಕೊನೆಯ ಸುತ್ತು ತೊಳೆದ ಕಲ್ಲಿನ ಮೇಲೆ ಬರೀ ನೀರಲ್ಲಿ ಮುಗಿಸಬೇಕು. ಮಟ್ಟ ಮಾಡಿದ ಮೇಲೂ 325ರ ಒರಟು ಗೀರು ಹಾಗೇ ಬಿಡಬಾರದು. ಆ ಚಿಕ್ಕ ಕಲ್ಲಿನಿಂದಲೇ ಮೈ ನಯ ಮಾಡಿಕೊಳ್ಳಬೇಕು.

ಹೋಲಿಕೆಗೆಂದು ಗೆಳೆಯರೊಬ್ಬರ ನನಿವಾ 12000 ತಂದು ಅದರ ಮೇಲೂ ಅದೇ ಕತ್ತಿ ಮುಗಿಸಿದೆ. ಅದು ಹೆಚ್ಚು ಚೂಪು, ಕೂದಲಿಗೆ ತಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ಗಂಟಲ ಕೆಳಗೆ ಉರಿ. ಕೋಟಿಕ್ಯೂಲ್‌ನ ಬಾಯಿ ಚರ್ಮಕ್ಕೆ ಮೃದು, ಗಲ್ಲದ ಒರಟು ಕೂದಲಿಗೆ ಎರಡನೇ ಸಲ ಎಳೆಯಬೇಕು. ನನ್ನ ಚರ್ಮಕ್ಕೆ ಕೋಟಿಕ್ಯೂಲೇ ಸರಿ. ಒಂದು ಷರತ್ತು: ಎರಡೂ ಕಲ್ಲನ್ನು ಅದೇ ಹಲಗೆಯಲ್ಲಿ ಮಟ್ಟ ಮಾಡಿದ ಮೇಲಿನ ಮಾತಿದು. 12000ವನ್ನು ಅವರ ಮನೆಯಿಂದ ತಂದ ಹಾಗೇ ಬಳಸಿದಾಗ ತುದಿಯ ಕಡೆ ಸರಿಯಾಗಿ ಹೆರೆಯುತ್ತಲೇ ಇರಲಿಲ್ಲ.

ಅಂದಹಾಗೆ ನಮ್ಮ ಬೀದಿಯ ಕಟಿಂಗ್ ಶಾಪ್‌ನಲ್ಲಿ ಕಲ್ಲಿನ ವಿಷಯ ಕೇಳಿ ಪ್ರಯೋಜನವಿಲ್ಲ. ಎಚ್ಐವಿ ಭಯ ಬಂದ ಮೇಲೆ ಎಲ್ಲರೂ ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿಗೆ ಬದಲಾದರು, ಒಳ್ಳೆಯದೇ ಆಯಿತು.

ಈಗಿನ ಸ್ಥಿತಿ

ಸೋಲಿಂಗೆನ್ ಕತ್ತಿ ಮುಗಿದಿದೆ, ವಾರಕ್ಕೆ ಎರಡು ಮೂರು ಸಲ ಕೆಲಸಕ್ಕೆ ಇಳಿಯುತ್ತಿದೆ. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದರೆ ಸಾಕಾಗುತ್ತಿದೆ, ಹೊಳಪು ಕೊಡುವ ಹಸಿರು ಪುಡಿಯನ್ನು (ಕ್ರೋಮಿಯಂ ಆಕ್ಸೈಡ್) ಅದಕ್ಕೆ ಇನ್ನೂ ಹಚ್ಚಿಲ್ಲ. ಬೋರ್‌ವೆಲ್ ನೀರು ಆರಿದರೆ ಅಲಗಿನ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ತಕ್ಷಣ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಸವರಿ ಇಡುತ್ತೇನೆ.

ಮುಂದಿನದು ಶೆಫೀಲ್ಡ್ ಬೆಣೆ. ತೋಡಿಲ್ಲದ ಅಲಗಾದ್ದರಿಂದ ಕಲ್ಲಿಗೆ ತಾಗುವ ಉಕ್ಕು ಬಹಳ, 1000ದ ಮೇಲೆ ತುಂಬಾ ಹೊತ್ತು ಹಿಡಿಯುತ್ತದೆ. ಬೆನ್ನು ಸವೆಯದಂತೆ ಎಲೆಕ್ಟ್ರಿಕಲ್ ಟೇಪ್ ಒಂದು ಪದರ ಅಂಟಿಸಿಯೇ ಶುರು ಮಾಡುತ್ತೇನೆ. ಅದರಿಂದ ಕೋನ ಒಂದು ಡಿಗ್ರಿಯ ಆಸುಪಾಸು ಏರುತ್ತದೆ, ಇಷ್ಟು ದಪ್ಪ ಅಲಗಿಗೆ ಅದು ನಡೆಯುತ್ತದೆ. ಟೇಪ್ ಸವೆದಂತೆ ಬದಲಿಸುತ್ತಿರಬೇಕು. ಅಷ್ಟು ಉಕ್ಕು ತೆಗೆಯುವಾಗ ಕುರೊಮಾಕು ಎಷ್ಟು ತಗ್ಗು ಬೀಳುತ್ತದೆ ಎಂಬುದನ್ನು ಪೆನ್ಸಿಲ್ ಚೌಕಳಿಯಲ್ಲಿ ನೋಡಿ ಮುಂದಿನ ಕಂತಿನಲ್ಲಿ ಬರೆಯುತ್ತೇನೆ.