ಓದಿ, ಆದರೆ ‘ಸೂಪರ್’ ಬೇಡ

ಬೆಂಗಳೂರಿನ ಕೆರೆಗಳ ಬಗ್ಗೆ ಬರೆದ ಪ್ರಬಂಧದ ಕರಡನ್ನು ಕ್ಲಾಸಿನ ಗ್ರೂಪಿಗೆ ಹಾಕಿದ್ದೇನೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಎದ್ದದ್ದು ಎಲ್ಲ ಅದರಲ್ಲಿದೆ.

ದಯವಿಟ್ಟು ‘ಸೂಪರ್ ಮಗಾ’ ಅಂತ ಹೆಬ್ಬೆರಳು ಒತ್ತಿ ಹೋಗಬೇಡಿ. ಕಾಗುಣಿತ ಆಮೇಲೆ ನೋಡೋಣ, ತಪ್ಪಿರುವ ಪ್ಯಾರಾನೇ ಉಳಿಯುತ್ತೋ ಇಲ್ವೋ. ಎಲ್ಲಿ ಓದು ಬಿಟ್ಟು ರೀಲ್ಸ್ ನೋಡಲು ಹೋದಿರಿ? ಯಾವ ಸಾಲನ್ನು ಎರಡು ಸಲ ಓದಬೇಕಾಯಿತು? ಕರಗ ಉತ್ಸವದ ಮಾತು ಬರುವ ಹೊತ್ತಿಗೆ ಕೆರೆ ಮರೆತೇ ಹೋಯಿತಾ? ಇಷ್ಟು ಹೇಳಿದರೆ ಸಾಕು. ಪರಿಹಾರ ಬೇಡ, ಅದು ನನ್ನ ತಲೆನೋವು.

ಗೆಳೆಯರ ಬರಹದಲ್ಲಿ ತಪ್ಪು ಹೇಳಲು ನಮಗೆ ಸಂಕೋಚ ಜಾಸ್ತಿ. ಕ್ರಿಕೆಟ್ ಆಡುವವರನ್ನು ಬೈಯಲು ಮಾತ್ರ ಇಲ್ಲ, ಅಲ್ವಾ?

ಶುಕ್ರವಾರ ಮೇಷ್ಟ್ರಿಗೆ ಕೊಡಬೇಕು. ಗುರುವಾರ ರಾತ್ರಿಯೊಳಗೆ ಹೇಳಿ.